ಸಿಕ್ಕಿಕೊಂಡ ಬೇರಿಂಗೂ ನಮ್ಮ ಭೌತಶಾಸ್ತ್ರವೂ

ಕಾದ ಲೋಹವು ಹಿಗ್ಗುವುದೆಂಬ ಸಂಗತಿಯನ್ನು ಅರಿಯದ ಪ್ರೌಢಶಾಲೆಯ ವಿದ್ಯಾರ್ಥಿ ಇರಲಾರನು. ತಣ್ಣಗಿರುವಾಗ ಬಳೆಯೊಳಗೆ ಸರಾಗವಾಗಿ ತೂರುವ ಹಿತ್ತಾಳೆಯ ಗುಂಡು, ಕಾದ ಮೇಲೆ ತೂರದೆ ಬಳೆಯ ಮೇಲೆಯೇ ಕುಳಿತುಕೊಳ್ಳುವ ಪ್ರಯೋಗವನ್ನು ಎಲ್ಲರೂ ಕಂಡಿರುತ್ತಾರೆ. ಆದರೆ ಪ್ರಶ್ನೆಯನ್ನು ತುಸು ತಿರುಗಿಸಿ, ಗುಂಡನ್ನು ಬಿಟ್ಟು ಬಳೆಯನ್ನೇ ಕಾಯಿಸಿದರೆ ಅದರ ರಂಧ್ರವು ಹಿಗ್ಗುವುದೋ ಕುಗ್ಗುವುದೋ ಎಂದು ಕೇಳಿದರೆ, ಕಾಲೇಜಿನ ತರಗತಿಯಲ್ಲಿಯೂ ಎರಡು ಪಕ್ಷಗಳಾಗುತ್ತವೆ. ಲೋಹವು ಒಳಮುಖವಾಗಿಯೂ ಬೆಳೆದು ರಂಧ್ರವನ್ನು ಕಿರಿದು ಮಾಡುವುದೆಂದು ವಾದಿಸುವವರು ಕಡಿಮೆಯಿಲ್ಲ. ಬಳೆಯನ್ನು ಒಂದೆಡೆ ಕತ್ತರಿಸಿ ನೀಳವಾಗಿ ಹಾಸಿದಂತೆ ಊಹಿಸಿಕೊಂಡರೆ ಸಂದೇಹ ಪರಿಹಾರವಾಗುತ್ತದೆ. ಕಾದ ಪಟ್ಟಿಯು ಉದ್ದವಾಗುತ್ತದೆ. ಉದ್ದವಾದುದನ್ನು ಮತ್ತೆ ಬಗ್ಗಿಸಿ ಕೂಡಿಸಿದರೆ ದೊಡ್ಡ ಬಳೆಯೇ ಆಗಬೇಕಷ್ಟೆ. ನಮ್ಮ ಹಳ್ಳಿಯ ಕಮ್ಮಾರನು ಈ ತರ್ಕದ ಗೊಡವೆಗೆ ಹೋದವನಲ್ಲ. ಬಂಡಿಯ ಗಾಲಿಗಿಂತ ಕೊಂಚ ಕಿರಿದಾದ ಕಬ್ಬಿಣದ ಪಟ್ಟಿಯನ್ನು ಬೆರಣಿಯ ಬೆಂಕಿಯಲ್ಲಿ ಕಾಯಿಸಿ, ಗಾಲಿಗೆ ತೊಡಿಸಿ, ಕೂಡಲೇ ನೀರು ಹೊಯ್ದು ಬಿಗಿಗೊಳಿಸುವ ವಿದ್ಯೆ ಅವನ ಕೈಯಲ್ಲಿತ್ತು.

ಹಳೆಯ ಯಂತ್ರಗಳನ್ನು ಬಿಚ್ಚಿ ಮತ್ತೆ ಕೂಡಿಸುವವರಿಗೆ ಎದುರಾಗುವ ದೊಡ್ಡ ತೊಡಕೆಂದರೆ ಸಿಕ್ಕಿಕೊಂಡ ಬೇರಿಂಗು. ಇದನ್ನು ತೋಳ್ಬಲದ ಮತ್ತು ಸುತ್ತಿಗೆಯ ವಿಷಯವೆಂದು ಜನರು ಭಾವಿಸಿದ್ದಾರೆ. ಇದು ಮೊದಲಿನಿಂದ ಕೊನೆಯವರೆಗೆ ಭೌತಶಾಸ್ತ್ರದ ವಿಷಯವೆಂದೂ, ನಮ್ಮ ಪ್ರಯೋಗಶಾಲೆಗಳಲ್ಲಿ ಇದಕ್ಕೆ ಸ್ಥಾನ ದೊರೆಯಬೇಕೆಂದೂ ನನ್ನ ಅಭಿಪ್ರಾಯ.

ಬೇರಿಂಗಿನಲ್ಲಿ ಒಂದು ಒಳಬಳೆ, ಒಂದು ಹೊರಬಳೆ, ಅವುಗಳ ನಡುವೆ ಉಕ್ಕಿನ ಗುಂಡುಗಳು ಇರುತ್ತವೆ. ಕಾರ್ಖಾನೆಯ ಮಾತಿನಲ್ಲಿ ಈ ಬಳೆಗಳಿಗೆ ರೇಸ್ ಎಂದು ಹೆಸರು. ನೀರೆತ್ತುವ ಪಂಪಿನ ಮೋಟಾರನ್ನು ತೆಗೆದುಕೊಳ್ಳಿ. ಅದರ ಶಾಫ್ಟಿನ ವ್ಯಾಸ ೨೫ ಮಿಲಿಮೀಟರ್ ಎಂದಿಟ್ಟುಕೊಂಡರೆ, ಒಳಬಳೆಯ ರಂಧ್ರವು ಅದಕ್ಕಿಂತ ಮಿಲಿಮೀಟರಿನ ನೂರರಲ್ಲಿ ಒಂದೆರಡು ಭಾಗದಷ್ಟು ಮಾತ್ರ ಚಿಕ್ಕದಾಗಿರುತ್ತದೆ. ತಲೆಗೂದಲಿನ ದಪ್ಪಕ್ಕಿಂತಲೂ ಬಹಳ ಕಡಿಮೆಯಾದ ಈ ಅಂತರವೇ ಬಳೆಯನ್ನು ಹಿಗ್ಗಿಸಿ, ಅದು ಶಾಫ್ಟನ್ನು ಬಿಗಿಯಾಗಿ ಅಪ್ಪಿಕೊಳ್ಳುವಂತೆ ಮಾಡುತ್ತದೆ. ಇದರ ಮೇಲೆ ತುಕ್ಕು ಸೇರಿದರೆ ಕೇಳುವುದೇ ಬೇಡ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಇಮ್ಮಡಿಗೂ ಮೀರಿದ ಸ್ಥಳವನ್ನು ಬಯಸುವುದರಿಂದ, ಎಡೆಯಿಲ್ಲದೆಡೆಯಲ್ಲಿ ಬೆಣೆ ಹೊಡೆದಂತಾಗುತ್ತದೆ.

ಈಗ ಸುತ್ತಿಗೆಯ ಪೆಟ್ಟು ಏನು ಮಾಡುವುದೆಂಬುದನ್ನು ನೋಡೋಣ. ಶಾಫ್ಟಿಗೆ ಬಿಗಿದಿರುವುದು ಒಳಬಳೆ. ಕೈಗೆ ಎಟಕುವುದು ಹೊರಬಳೆ. ಹೊರಬಳೆಗೆ ಕೊಟ್ಟ ಪೆಟ್ಟು ಗುಂಡುಗಳ ಮೂಲಕವೇ ಒಳಬಳೆಯನ್ನು ಮುಟ್ಟಬೇಕು. ಗುಂಡೂ ಬಳೆಯೂ ಕೂಡುವ ಜಾಗವಾದರೋ ಒಂದು ಚುಕ್ಕೆಯಷ್ಟು. ಬಾಗಿದ ಮೈಗಳು ಒಂದನ್ನೊಂದು ಒತ್ತಿದಾಗ ಆ ಚುಕ್ಕೆಯಲ್ಲಿ ಎಷ್ಟು ಒತ್ತಡ ಹುಟ್ಟುವುದೆಂಬುದನ್ನು, ವಿದ್ಯುತ್ಕಾಂತ ತರಂಗಗಳಿಂದ ಪ್ರಸಿದ್ಧನಾದ ಹೈನ್ರಿಕ್ ಹರ್ಟ್ಸನೇ ೧೮೮೧-೮೨ರಲ್ಲಿ ಗಣಿತದಿಂದ ತೋರಿಸಿದ್ದನು. ಸಣ್ಣ ಪೆಟ್ಟಿಗೂ ಅದು ಅಗಾಧವಾಗುತ್ತದೆ. ಬಳೆಯ ಹಾದಿಯಲ್ಲಿ ಕುಳಿಗಳು ಬೀಳುತ್ತವೆ. ಗುಂಡನ್ನೊತ್ತಿ ಕುಳಿಯನ್ನಳೆದು ಲೋಹದ ಗಡಸುತನವನ್ನು ನಿರ್ಣಯಿಸುವ ವಿಧಾನವನ್ನು ಸ್ವೀಡನ್ನಿನ ಬ್ರಿನೆಲ್ ಎಂಬ ಎಂಜಿನಿಯರು ೧೯೦೦ರಲ್ಲಿ ಜಗತ್ತಿನ ಮುಂದಿಟ್ಟನು. ಆದಕಾರಣ ಬೇರಿಂಗಿನ ಈ ಗಾಯಕ್ಕೂ ಅವನ ಹೆಸರೇ ಅಂಟಿಕೊಂಡಿದೆ. ಕಣ್ಣಿಗೆ ಕಾಣದ ಆ ಕುಳಿಗಳಿರುವ ಬೇರಿಂಗನ್ನು ಮತ್ತೆ ತೊಡಿಸಿದರೆ ಮೋಟಾರು ಕರಕರನೆ ಸದ್ದು ಮಾಡುತ್ತದೆ, ಬೇಗ ಕೆಡುತ್ತದೆ.

ಬೇರಿಂಗು ಹೇಗೂ ಎಸೆಯತಕ್ಕದ್ದೇ, ಕುಳಿ ಬಿದ್ದರೇನು ಎಂಬ ಮಾತು ಬರಬಹುದು. ಬೇರಿಂಗು ಹೋಗಲಿ, ಶಾಫ್ಟು ಹೋಗಲಿ, ಕಣ್ಣು ಹೋದರೆ? ಬೇರಿಂಗಿನ ಉಕ್ಕಿನಲ್ಲಿ ಸುಮಾರು ಶೇಕಡ ೧ ಇಂಗಾಲ, ೧.೫ ಕ್ರೋಮಿಯಂ ಇರುತ್ತವೆ. ಹದಗೊಳಿಸಿದ ಈ ಉಕ್ಕು ಬಹಳ ಗಡುಸು, ಆ ಕಾರಣದಿಂದಲೇ ಪೆಡಸು. ಸುತ್ತಿಗೆಯ ಮುಖವೂ ಅಂಥದೇ. ಇವೆರಡೂ ನೇರವಾಗಿ ತಾಕಿದಾಗ ಸಿಡಿಯುವ ಚೂರು ಬಂದೂಕಿನ ಗುಂಡಿನಂತೆ ಹಾರುತ್ತದೆ. ಎಷ್ಟೋ ದುರಸ್ತಿ ಅಂಗಡಿಗಳಲ್ಲಿ ಈ ಕೆಲಸ ಮಾಡುವವರು ನಿಮ್ಮ ವಯಸ್ಸಿನ ಹುಡುಗರು, ಅದೂ ರಕ್ಷಣೆಯ ಕನ್ನಡಕವಿಲ್ಲದೆ. ನಡುವೆ ಒಂದು ಹಿತ್ತಾಳೆಯ ತುಂಡನ್ನಿಟ್ಟು ಹೊಡೆಯಬೇಕೆಂಬಷ್ಟನ್ನು ಯಾರೂ ಅವರಿಗೆ ಹೇಳಿಕೊಟ್ಟಿರುವುದಿಲ್ಲ.

ಸುತ್ತಿಗೆಗೆ ಬದಲು ಶಾಖವನ್ನು ದುಡಿಸುವುದಾದರೆ, ಮೊದಲು ಕೇಳಬೇಕಾದ ಪ್ರಶ್ನೆ ಒಂದುಂಟು: ಅಪ್ಪಿಕೊಂಡಿರುವ ಎರಡು ಲೋಹಗಳು ಒಂದೇ ಜಾತಿಯವೋ ಬೇರೆ ಬೇರೆಯೋ?

ಬೇರೆಯಾಗಿದ್ದರೆ ಕೆಲಸ ಸುಲಭ. ಮೈಸೂರಿನಲ್ಲಿ ೧೯೬೧ರಿಂದ ೧೯೯೬ರವರೆಗೆ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಮೋಟಾರುಸೈಕಲುಗಳನ್ನು ಇಂದಿಗೂ ಅಕ್ಕರೆಯಿಂದ ಬಿಚ್ಚಿ ಕೂಡಿಸುವವರುಂಟು. ಅವುಗಳ ಎಂಜಿನ್ನಿನ ಕವಚ ಅಲ್ಯುಮಿನಿಯಂ, ಬೇರಿಂಗು ಉಕ್ಕು. ಒಂದು ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಉಕ್ಕು ತನ್ನ ಉದ್ದದ ಹತ್ತು ಲಕ್ಷದಲ್ಲಿ ೧೨ ಭಾಗದಷ್ಟು ಬೆಳೆದರೆ, ಅಲ್ಯುಮಿನಿಯಂ ೨೩ ಭಾಗದಷ್ಟು ಬೆಳೆಯುತ್ತದೆ. ವ್ಯತ್ಯಾಸ ೧೧ ಭಾಗ. ೬೨ ಮಿಲಿಮೀಟರ್ ಹೊರವ್ಯಾಸದ ಬೇರಿಂಗಿನೊಡನೆ ಕವಚವನ್ನು ಇಡಿಯಾಗಿ ೧೦೦ ಡಿಗ್ರಿಯಷ್ಟು ಹೆಚ್ಚು ಕಾಯಿಸಿದರೆ, ರಂಧ್ರವು ಬೇರಿಂಗಿಗಿಂತ ೦.೦೬೮ ಮಿಲಿಮೀಟರಿನಷ್ಟು ಅಧಿಕವಾಗಿ ಹಿಗ್ಗುತ್ತದೆ. ಬಿಗಿತವು ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ. ಕವಚವನ್ನು ಮಗುಚಿ ಮರದ ಹಲಗೆಯ ಮೇಲೆ ಮೆಲ್ಲನೆ ತಟ್ಟಿದರೆ ಬೇರಿಂಗು ತನ್ನ ತೂಕದಿಂದಲೇ ಕೆಳಗೆ ಬೀಳುತ್ತದೆ. ಒಂದೇ ಕಡೆ ಜ್ವಾಲೆ ಹಿಡಿದು ಕವಚವನ್ನು ಸೊಟ್ಟಗೆ ಮಾಡಬಾರದು. ಒಲೆಪೆಟ್ಟಿಗೆಯಲ್ಲಿ ಸಮವಾಗಿ ಕಾಯಿಸಬೇಕು. ಹೊಸ ಬೇರಿಂಗನ್ನು ಫ್ರೀಜರಿನಲ್ಲಿ ಒಂದು ರಾತ್ರಿ ಇಟ್ಟಿದ್ದರೆ ಕೂಡಿಸುವಾಗಲೂ ಸುತ್ತಿಗೆ ಬೇಕಾಗುವುದಿಲ್ಲ.

ಒಂದೇ ಜಾತಿಯಾಗಿದ್ದರೆ ಕಥೆಯೇ ಬೇರೆ. ಉಕ್ಕಿನ ಶಾಫ್ಟಿನ ಮೇಲೆ ಉಕ್ಕಿನ ಬಳೆ. ಎರಡನ್ನೂ ಎಷ್ಟೇ ಕಾಯಿಸಿದರೂ ಎರಡೂ ಸಮನಾಗಿ ಬೆಳೆದು ಬಿಗಿತ ಹಾಗೆಯೇ ಉಳಿಯುತ್ತದೆ. ಇಲ್ಲಿ ಬೇಕಾದುದು ಉಷ್ಣತೆಯಲ್ಲ, ಉಷ್ಣತೆಯ ವ್ಯತ್ಯಾಸ. ೨೫ ಮಿಲಿಮೀಟರಿನ ಬಳೆಯು ಶಾಫ್ಟಿಗಿಂತ ೮೦ ಡಿಗ್ರಿ ಹೆಚ್ಚು ಬಿಸಿಯಾಗಿದ್ದರೆ ೦.೦೨೪ ಮಿಲಿಮೀಟರಿನಷ್ಟು ಸಡಿಲವಾಗುತ್ತದೆ. ಆದರೆ ಆ ಶಾಖವು ಶಾಫ್ಟಿಗೆ ಹರಿಯುವ ಮೊದಲೇ ಬಳೆಯನ್ನು ಸೆಳೆದುಬಿಡಬೇಕು. ಕಾಲದೊಡನೆ ಪಂದ್ಯವೆಂದರೆ ಸಲ್ಲುತ್ತದೆ. ನಿಧಾನವಾಗಿ ಅರ್ಧ ಗಂಟೆ ಜ್ವಾಲೆ ಹಿಡಿದವನು ಸೋಲುವುದೂ, ಬೇಗ ಕಾಯಿಸಿ ಪುಲ್ಲರ್ ತಿರುಗಿಸಿದವನು ಗೆಲ್ಲುವುದೂ ಈ ಕಾರಣದಿಂದಲೇ. ವಿದ್ಯುತ್ ಪ್ರೇರಣೆಯಿಂದ ಬಳೆಯಲ್ಲಿಯೇ ಶಾಖವನ್ನು ಹುಟ್ಟಿಸುವ ಇಂದಿನ ಸಾಧನಗಳು ಈ ಪಂದ್ಯವನ್ನು ಗೆಲ್ಲಲೆಂದೇ ರೂಪುಗೊಂಡಿವೆ. ಮತ್ತೆ ಬಳಸಬೇಕಾದ ಬೇರಿಂಗನ್ನು ಮಾತ್ರ ಸುಮಾರು ೧೨೦ ಡಿಗ್ರಿಗೆ ಮೀರಿ ಕಾಯಿಸಕೂಡದು. ಉಕ್ಕಿನ ಹದ ಕೆಡುತ್ತದೆ.

ಪುಸ್ತಕ ಓದದ ಮೆಕ್ಯಾನಿಕ್ಕುಗಳ ಕೈಯಲ್ಲಿ ಇದಕ್ಕಿಂತ ಸೊಗಸಾದ ಭೌತಶಾಸ್ತ್ರವೂ ಉಂಟು. ಲಾರಿಯ ಚಕ್ರದ ನಾಭಿಯಲ್ಲಿ ಹೊರಬಳೆಯೊಂದೇ ಉಳಿದುಕೊಂಡು, ಹಿಡಿಯಲು ಅಂಚೇ ಇಲ್ಲದಿರುವಾಗ, ಅವರು ಆ ಬಳೆಯ ಒಳಮೈಗೆ ಸುತ್ತಲೂ ಒಂದು ಸಾಲು ಬೆಸುಗೆ ಹಾಕುತ್ತಾರೆ. ತಣಿದ ಮೇಲೆ ಬಳೆಯು ಕೈಗೆ ಬರುತ್ತದೆ. ಕಾದಾಗ ಹಿಗ್ಗಬೇಕಾದ ಬಳೆ ಕುಗ್ಗಿದ್ದು ಹೇಗೆ? ಬೆಸುಗೆಯ ಶಾಖಕ್ಕೆ ಬಳೆಯು ಹಿಗ್ಗಲು ಹವಣಿಸುತ್ತದೆ. ಸುತ್ತಲಿನ ತಣ್ಣನೆಯ ನಾಭಿ ಅದಕ್ಕೆ ಎಡೆಗೊಡುವುದಿಲ್ಲ. ಮೆತ್ತಗಾದ ಲೋಹವು ತನ್ನಲ್ಲಿಯೇ ಒತ್ತಿಕೊಂಡು ಗಿಡ್ಡವಾಗುತ್ತದೆ. ತಣಿಯುವಾಗ ಅದರ ಸಂಕೋಚವನ್ನು ತಡೆಯುವವರಿಲ್ಲ. ಬೆಸುಗೆಯ ಲೋಹವೂ ಒಳಕ್ಕೆ ಎಳೆಯುತ್ತದೆ. ಹೀಗೆ ಬಳೆಯು ಮೊದಲಿಗಿಂತ ಕಿರಿದಾಗಿ ನಿಲ್ಲುತ್ತದೆ. ನನ್ನ ಎಂ.ಎಸ್ಸಿ. ಪಠ್ಯದಲ್ಲಿ ಈ ಉದಾಹರಣೆ ಇರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. ಕುರುಡು ರಂಧ್ರದಲ್ಲಿ ಕೂತ ಪೊಳ್ಳು ಬುಷ್ಷಿನ ಹಿಂದೆ ಗ್ರೀಸು ತುಂಬಿ, ರಂಧ್ರಕ್ಕೆ ಸರಿಹೊಂದುವ ಸಲಾಕೆಯನ್ನು ತಟ್ಟಿ ಬುಷ್ಷನ್ನು ಹೊರಡಿಸುವುದೂ ಪ್ಯಾಸ್ಕಲನ ನಿಯಮವಲ್ಲದೆ ಬೇರೆಯಲ್ಲ.

ಇಷ್ಟಿದ್ದರೂ ನಮ್ಮ ಪರೀಕ್ಷೆಯಲ್ಲಿ ವ್ಯಾಕೋಚನ ಗುಣಾಂಕದ ವ್ಯಾಖ್ಯೆ ಬರೆದವನಿಗೆ ಪೂರ್ತಿ ಅಂಕಗಳು ಸಲ್ಲುತ್ತವೆ. ಅದನ್ನು ದುಡಿಸಿಕೊಳ್ಳುವವನು ಓದು ಬಾರದವನೆನಿಸಿಕೊಳ್ಳುತ್ತಾನೆ. ಈ ಗೋಡೆಯಿಂದ ಇಬ್ಬರಿಗೂ ನಷ್ಟವಾಗಿದೆ. ಇದನ್ನು ಕೆಡವಲು ದೊಡ್ಡ ಹಣ ಬೇಕಾಗಿಲ್ಲ. ೨೨ ಮಿಲಿಮೀಟರ್ ಹೊರವ್ಯಾಸದ, ಚಕ್ರಪಾದುಕೆಗಳಲ್ಲಿ ಬಳಸುವ ಅಗ್ಗದ ಬೇರಿಂಗೊಂದನ್ನು ತಂದು, ಪ್ರಯೋಗಶಾಲೆಯ ಸ್ಕ್ರೂಗೇಜಿನಿಂದ ಅಳೆಯಲಿ. ಅದಕ್ಕಿಂತ ೦.೦೧೫ ಮಿಲಿಮೀಟರ್ ಕಿರಿದಾದ ರಂಧ್ರವನ್ನು ಒಬ್ಬ ಒಳ್ಳೆಯ ಟರ್ನರನಿಂದ ಅಲ್ಯುಮಿನಿಯಂ ತುಂಡಿನಲ್ಲಿ ಮಾಡಿಸಿ, ಬೇರಿಂಗನ್ನು ಅದರಲ್ಲಿ ಒತ್ತಿ ಕೂರಿಸಲಿ. ಎಷ್ಟು ಡಿಗ್ರಿಗೆ ಬಿಡುಗಡೆಯಾಗುವುದೆಂಬುದನ್ನು ವಿದ್ಯಾರ್ಥಿಗಳು ಮೊದಲೇ ಲೆಕ್ಕಹಾಕಿ ಬರೆದಿಡಲಿ: ಏರಿಕೆ ಸುಮಾರು ೬೨ ಡಿಗ್ರಿ, ಕೋಣೆಯ ಉಷ್ಣತೆ ೩೦ ಇದ್ದರೆ ೯೨. ಬಳಿಕ ತುಂಡನ್ನು ನೀರಿನಲ್ಲಿ ತೂಗುಹಾಕಿ, ಥರ್ಮಾಮೀಟರನ್ನಿಟ್ಟು ಮೆಲ್ಲಗೆ ಕಾಯಿಸಲಿ. ನೀರು ಕುದಿಯುವ ಮುನ್ನವೇ ಬೇರಿಂಗು ಪಾತ್ರೆಯ ತಳಕ್ಕೆ ಬೀಳಬೇಕು. ಬೀಳದಿದ್ದರೆ, ರಂಧ್ರವು ದುಂಡಗಿಲ್ಲವೋ, ಅಳತೆ ತಪ್ಪಿತೋ, ಮೈ ಒರಟಾಗಿದೆಯೋ ಎಂದು ಹುಡುಕುವುದರಲ್ಲಿ ಇನ್ನೊಂದು ಪೀರಿಯಡ್ಡು ಕಳೆಯಬಹುದು.