ಕೂಸು ಕಂಡ ಮುಪ್ಪು

‘ಅವ್ವಾ, ನೀ ಸಣ್ಣಾಕಿ ಇದ್ದಾಗ ಬಸವಣ್ಣನವರನ್ನ ನೋಡಿದ್ದೇನ?’ ಎಂದು ಐದು ವರ್ಷದ ಮಗಳು ಕೇಳಿದಾಗ, ಇನ್ನೂ ನಲವತ್ತು ತುಂಬದ ತಾಯಿ ನಗಬೇಕೋ ಅಳಬೇಕೋ ತಿಳಿಯದೆ ಕುಳಿತುದನ್ನು ನಾವು ಕಂಡಿದ್ದೇವೆ. ಒಂದೇ ಮಾತಿನಲ್ಲಿ ಆಕೆಗೆ 800 ವರ್ಷಗಳಿಗೂ ಮಿಕ್ಕ ಆಯುಷ್ಯ ಲಭಿಸಿತ್ತು! ತಾನು ಹುಟ್ಟುವ ಮುನ್ನಿನದೆಲ್ಲವೂ ಮಗುವಿಗೆ ಒಂದೇ ಹಳೆಯ ಕಾಲ. ಇಂಥ ಮಾತಿಗೆ ನಕ್ಕು ಸುಮ್ಮನಾಗಬಹುದು.

ಆದರೆ ಎಲ್ಲ ಮಾತುಗಳೂ ನಗೆಯಲ್ಲಿ ಮುಗಿಯಬೇಕಾದವಲ್ಲ. ವಚನಗಳ ಪುಸ್ತಕವನ್ನು ದೂರ ಹಿಡಿದು ಓದುವ ತಂದೆಗೆ ‘ಅಪ್ಪಾ, ನಿನ್ನ ಕೈ ಇನ್ನೊಂದೀಟು ಉದ್ದ ಇರಬೇಕಿತ್ತು’ ಎಂದ ಮಗ ಹೇಳಿದ್ದು ನೇತ್ರವೈದ್ಯರು ಹೇಳುವುದನ್ನೇ. ನಲವತ್ತರ ಸುಮಾರಿಗೆ ಕಣ್ಣಿನ ಮಸೂರ ಗಡುಸಾಗುತ್ತ ಬರುವುದರಿಂದ ಹತ್ತಿರದ ಅಕ್ಷರ ಮಸುಕಾಗುತ್ತದೆ. ಚಾಳೀಸು ಎಂಬ ಹೆಸರೇ ನಲವತ್ತರಿಂದ ಬಂದುದಲ್ಲವೆ? ನೆಲದಿಂದ ಏಳುವ ಅಜ್ಜಿಯ ಮೊಣಕಾಲಿನಲ್ಲಿ ಹಪ್ಪಳ ಮುರಿದ ಸದ್ದು ಕೇಳಿಸಿತೆನ್ನುವ ಕೂಸಿಗೆ ಮಾತ್ರ ನಿಶ್ಚಿಂತೆಯಿಂದ ಮುದ್ದಿಡಬಹುದು. ನೋವು, ಬಾವು ಇಲ್ಲದ ಬರಿಯ ಸದ್ದು ಸಾಮಾನ್ಯವಾಗಿ ರೋಗವಲ್ಲ.

ನಮ್ಮನ್ನು ಇಂದಿಗೂ ಕಾಡುವುದು ಬೇರೊಂದು ಮಾತು. ಭಕ್ತರೊಬ್ಬರ ಮನೆಯಲ್ಲಿ ಪ್ರಸಾದಕ್ಕೆ ಕುಳಿತಿದ್ದಾಗ ಅವರ ಆರು ವರ್ಷದ ಮಗ, ‘ನಮ್ಮಪ್ಪ ಮುದುಕ ಆಗ್ಯಾನ. ರಾತ್ರಿ ಹುಲಿಯಂಗ ಗೊರಕಿ ಹೊಡೀತಾನ, ಆಮ್ಯಾಲ ಉಸಿರು ಬಿಗಿಹಿಡಿಯೋ ಆಟ ಆಡ್ತಾನ’ ಎಂದ. ಪಂಕ್ತಿಯೆಲ್ಲ ನಕ್ಕಿತು, ನಾವೂ ನಕ್ಕೆವು. ತಂದೆಗೆ ನಾಚಿಕೆಯಾಗಿ ಮಗನನ್ನು ಗದರಿದರು. ಅದಾದ ಮೇಲೆ ಹಲವು ತಿಂಗಳು ಆ ಮಾತನ್ನು ಯಾರೂ ಎತ್ತಲಿಲ್ಲ. ಹಗಲಿನಲ್ಲಿ ತೂಕಡಿಕೆ, ಬೆಳಗ್ಗೆ ತಲೆನೋವು, ಏರಿದ ರಕ್ತದೊತ್ತಡ: ಎಲ್ಲವನ್ನೂ ಅವರು ವಯಸ್ಸಿನ ಲೆಕ್ಕಕ್ಕೆ ಬರೆದರು. ಒಂದು ದಿನ ಬೈಕು ಓಡಿಸುತ್ತಿದ್ದಾಗಲೇ ಕಣ್ಣು ಮುಚ್ಚಿತು. ರಸ್ತೆಯಂಚಿನ ಮರಳಿನ ಗುಡ್ಡೆ ಅವರನ್ನು ಉಳಿಸಿತು.

ನಿದ್ರೆಯಲ್ಲಿ ಗಂಟಲಿನ ಮಾಂಸಖಂಡಗಳು ಸಡಿಲಗೊಂಡು ಉಸಿರಿನ ದಾರಿ ಮುಚ್ಚುವುದಕ್ಕೆ ವೈದ್ಯರು ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ಪ್ರತಿ ಸಲವೂ 10 ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಹೊತ್ತು ಉಸಿರು ನಿಲ್ಲುತ್ತದೆ. ರಾತ್ರಿಯಿಡೀ ಹಾಗೆ ಮರುಕಳಿಸುತ್ತದೆ. ಮಲಗಿದವರಿಗೆ ಇದು ತಿಳಿಯುವುದು ಅಪರೂಪ, ಪಕ್ಕದಲ್ಲಿದ್ದವರಿಗೇ ತಿಳಿಯಬೇಕು. ಆ ಮನೆಯಲ್ಲಿ ತಿಳಿದವನು ಒಬ್ಬನೇ, ಅವನ ಬಾಯಿಯನ್ನು ನಾವೆಲ್ಲ ಸೇರಿ ಮುಚ್ಚಿಸಿದ್ದೆವು. ದೊಡ್ಡವರಿಗೆ ಹಾಗೆನ್ನಬಾರದೆಂಬ ಶಿಷ್ಟಾಚಾರ ಒಳ್ಳೆಯದೇ. ಆದರೆ ನರೆಗೂದಲಿಗೆ ಬಣ್ಣ ಹಚ್ಚಿ ಮಗುವಿನ ಬಾಯಿಗೆ ಬೀಗ ಹಾಕುವ ನಮ್ಮ ಅಭ್ಯಾಸಕ್ಕೂ ಶಿಷ್ಟಾಚಾರಕ್ಕೂ ಏನು ಸಂಬಂಧವೆಂಬುದು ನಮಗೆ ಹೊಳೆಯದು. ಮೊದಲು ಕೇಳಿಸಿಕೊಂಡು, ಆಮೇಲೆ ಬೇಕಾದರೆ ತಿದ್ದೋಣ.

ಈಗ ಅವರು ತೂಕ ಇಳಿಸುತ್ತಿದ್ದಾರೆ, ರಾತ್ರಿ ಗಾಳಿ ಒತ್ತುವ ಯಂತ್ರದ ಮುಖವಾಡ ಧರಿಸಿ ಮಲಗುತ್ತಾರೆ. ಅದರ ಉದ್ದ ಕೊಳವೆಯನ್ನು ಕಂಡು ಮಗ ಅಪ್ಪನನ್ನು ‘ಆನಿ’ ಎಂದು ಕರೆಯುತ್ತಾನಂತೆ. ಯಾರೂ ಗದರಿಲ್ಲ.