ಎತ್ತಿಗೆ ಜ್ವರ, ಎಮ್ಮೆಗೆ ಬರೆ

ನಮ್ಮ ಮನೆಯಲ್ಲಿ ದುಡಿಯುವವರು ಇಬ್ಬರು. ಒಬ್ಬರು ಅಪ್ಪ, ಇನ್ನೊಂದು ಅಪ್ಪನ ಕಾರು. ಹಾಸನದ ಸ್ಟ್ಯಾಂಡಿನಲ್ಲಿ ನಿಲ್ಲುವ ಹಳದಿ ಬೋರ್ಡಿನ 2016ರ ಮಾಡೆಲ್ ಪೆಟ್ರೋಲ್ ಕಾರು ಅದು. ಬೇಲೂರು, ಹಳೇಬೀಡು, ಸಕಲೇಶಪುರ ಅಂತ ಅದು ಓಡಿದರೆ ನನ್ನ ಕಾಲೇಜು ಫೀಸು, ತಂಗಿಯ ಟ್ಯೂಷನ್ನು, ಬ್ಯಾಂಕಿನ ಕಂತು ಎಲ್ಲವೂ ಓಡುತ್ತವೆ. ಅದು ನಿಂತ ದಿನ ಮನೆಯಲ್ಲಿ ಯಾರೂ ಜಾಸ್ತಿ ಮಾತಾಡುವುದಿಲ್ಲ.

ಕಳೆದ ದಸರಾ ಹೊತ್ತಿಗೆ, ಸೀಸನ್ ಇನ್ನೇನು ಶುರುವಾಗಬೇಕು ಅನ್ನುವಾಗ, ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹೊತ್ತಿಕೊಂಡಿತು. ಸಿಗ್ನಲ್‌ನಲ್ಲಿ ನಿಂತರೆ ಗಾಡಿ ಚಳಿ ಹಿಡಿದವರಂತೆ ನಡುಗುತ್ತಿತ್ತು. ಮೈಲೇಜೂ ಇಳಿದಿತ್ತು. ಅಪ್ಪ ಒಂದು ಗ್ಯಾರೇಜಿಗೆ ಒಯ್ದರು. ಅಲ್ಲಿನ ಹುಡುಗ ಸ್ಟೀರಿಂಗ್ ಕೆಳಗೆ ಏನೋ ಸಿಕ್ಕಿಸಿ, ಸ್ಕ್ರೀನ್ ನೋಡಿ, ‘ಆಕ್ಸಿಜನ್ ಸೆನ್ಸರ್ ಹೋಗಿದೆ’ ಅಂದ. ಎರಡು ಟ್ರಿಪ್ ಬಿಟ್ಟು, ಆರೂವರೆ ಸಾವಿರ ಕೊಟ್ಟು ಹೊಸದು ಹಾಕಿಸಿದ್ದಾಯಿತು. ದೀಪ ಆರಿತು. ನಾಲ್ಕನೇ ದಿನ ಮತ್ತೆ ಹೊತ್ತಿತು.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಅಪ್ಪ ಕೇಳಿದರು, ‘ಮಗಾ, ನೀನು ಮೆಕ್ಯಾನಿಕಲ್ ಓದ್ತಿದೀಯಲ್ಲ, ಏನಂತೆ ಇದು?’

ನಾನು ಬಿಇ ಮೂರನೇ ವರ್ಷ. ಎಂಜಿನ್ ಬಗ್ಗೆ ಇದ್ದ ಪೇಪರ್‌ನಲ್ಲಿ ಒಳ್ಳೆಯ ಅಂಕ ತೆಗೆದವನು. ಓಟೋ ಸೈಕಲ್‌ನ ಗ್ರಾಫನ್ನು ಕಣ್ಣು ಮುಚ್ಚಿಕೊಂಡೇ ಬರೆಯಬಲ್ಲೆ. ಆದರೆ ಅಪ್ಪನ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ತಟ್ಟೆ ನೋಡಿಕೊಂಡು ಅನ್ನ ಕಲಸಿದೆ.

ಮರುದಿನವೇ ಆನ್‌ಲೈನಿನಲ್ಲಿ ಒಂದು ಒಬಿಡಿ ಸ್ಕ್ಯಾನರ್ ತರಿಸಿದೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಡಬ್ಬಿ, ಸಾವಿರ ರೂಪಾಯಿ ಒಳಗೆ ಬಂತು. ಸ್ಟೀರಿಂಗ್ ಕೆಳಗೆ ಹದಿನಾರು ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಅದಕ್ಕೆ ಸಿಕ್ಕಿಸಿ, ಬ್ಲೂಟೂತ್‌ನಲ್ಲಿ ಮೊಬೈಲಿಗೆ ಜೋಡಿಸಿ, ಒಂದು ಆ್ಯಪ್ ತೆರೆದರೆ ಕಾರಿನ ಕಂಪ್ಯೂಟರ್ ನಮ್ಮ ಜೊತೆ ಮಾತಿಗೆ ಕೂರುತ್ತದೆ. ಅದು ಕೊಟ್ಟ ಕೋಡ್ ಪಿ 0171. ಅಂದರೆ ‘ಮಿಶ್ರಣದಲ್ಲಿ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ’.

ನಾವೆಲ್ಲ ಎಡವುವುದು ಇಲ್ಲೇ. ಈ ಕೋಡ್‌ನಲ್ಲಿ ಯಾವ ಪಾರ್ಟಿನ ಹೆಸರೂ ಇಲ್ಲ. ಅದು ಬರೀ ದೂರು. ಒಬಿಡಿ ಹುಟ್ಟಿದ್ದೇ ಹೊಗೆಯ ಮೇಲೆ ಕಣ್ಣಿಡಲು. ಅಮೆರಿಕದಲ್ಲಿ 1996ರ ಮಾಡೆಲ್‌ಗಳಿಂದ ಇದರ ಎರಡನೇ ಆವೃತ್ತಿ ಕಡ್ಡಾಯವಾಯಿತು. ನಮ್ಮಲ್ಲಿ ಬಿಎಸ್-4 ಕಾರುಗಳಿಗೆ ಅದು ಬಂದದ್ದು 2013ರ ಏಪ್ರಿಲ್‌ನಿಂದ. ಸೈಲೆನ್ಸರ್ ಕಡೆಯಿಂದ ಏನು ಬರುತ್ತಿದೆ ಎಂದು ನೋಡಿ ‘ಒಳಗೆ ಏನೋ ಸರಿಯಿಲ್ಲ’ ಎಂದು ಕೂಗುವುದು ಅದರ ಕೆಲಸ. ಆಕ್ಸಿಜನ್ ಸೆನ್ಸರ್ ಆ ಸುದ್ದಿ ತರುವ ಆಳು. ಗ್ಯಾರೇಜಿನ ಹುಡುಗ ಸುದ್ದಿ ತಂದವನನ್ನೇ ಕೆಲಸದಿಂದ ತೆಗೆದಿದ್ದ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅಂತಾರಲ್ಲ, ಹಾಗೆ.

ಅವನನ್ನು ಬೈಯುವ ಮೊದಲು ನಾನು ಮಾಡಿದ್ದನ್ನೂ ಹೇಳಿಬಿಡುತ್ತೇನೆ. ಕೋಡ್ ನೋಡಿದ ಹತ್ತೇ ನಿಮಿಷಕ್ಕೆ ನಾನು ‘ಫ್ಯುಯೆಲ್ ಪಂಪ್ ವೀಕ್ ಆಗಿದೆ, ಬದಲಾಯಿಸೋಣ’ ಎಂದು ಅಪ್ಪನಿಗೆ ತೀರ್ಪು ಕೊಟ್ಟಿದ್ದೆ. ಪೆಟ್ರೋಲ್ ಕಡಿಮೆ ಅಂತ ಬಂದಿದೆ, ಅಂದಮೇಲೆ ಪಂಪಿನದೇ ತಪ್ಪು ಎಂಬ ಲೆಕ್ಕ ನನ್ನದು. ಇನ್ನೊಂದಿಷ್ಟು ಸಾವಿರ ನೀರಿಗೆ ಹೋಗುತ್ತಿತ್ತು. ಅಪ್ಪ ತಕ್ಷಣ ಒಪ್ಪದೆ, ತಮಗೆ ಇಪ್ಪತ್ತು ವರ್ಷದಿಂದ ಪರಿಚಯದ ಒಬ್ಬ ಮೆಕ್ಯಾನಿಕ್ ಅಣ್ಣನ ಶೆಡ್ಡಿಗೆ ಗಾಡಿ ತಿರುಗಿಸಿದರು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಸ್ಪಾನರ್ ಹಿಡಿದವರು ಅವರು.

‘ಬನ್ನಿ ಎಂಜಿನಿಯರ್ ಸಾಹೇಬ್ರೆ, ನಿಮ್ ಡಬ್ಬಿ ಏನಂತೆ?’ ಅಂದರು. ಕೋಡ್ ಹೇಳಿದೆ. ‘ಅದಿರ್ಲಿ, ಸ್ಲೋನಲ್ಲಿ ಎಷ್ಟು ತೋರಿಸ್ತದೆ, ರೇಸ್ ಕೊಟ್ರೆ ಎಷ್ಟು ತೋರಿಸ್ತದೆ?’ ಅಂತ ಕೇಳಿದರು. ಅದನ್ನು ನಾನು ನೋಡಿಯೇ ಇರಲಿಲ್ಲ.

ಅವರು ಕೇಳಿದ್ದು ‘ಫ್ಯುಯೆಲ್ ಟ್ರಿಮ್’ ಎಂಬ ಅಂಕಿಯನ್ನು. ಶುದ್ಧ ಪೆಟ್ರೋಲ್ ಒಂದು ಕೆ.ಜಿ. ಪೂರ್ತಿ ಉರಿಯಲು ಸುಮಾರು 14.7 ಕೆ.ಜಿ. ಗಾಳಿ ಬೇಕು. ಈ ಅಳತೆ ತಪ್ಪಿದಾಗ ಕಂಪ್ಯೂಟರ್ ತಾನೇ ಪೆಟ್ರೋಲನ್ನು ಹೆಚ್ಚು ಕಡಿಮೆ ಮಾಡುತ್ತದೆ. ಎಷ್ಟು ಶೇಕಡಾ ಹೆಚ್ಚಿಸಿದೆ ಎಂಬುದೇ ಟ್ರಿಮ್. ಸೊನ್ನೆಯ ಆಸುಪಾಸಿನಲ್ಲಿದ್ದರೆ ಆರೋಗ್ಯ, ಹತ್ತು ದಾಟಿ ಅಲ್ಲೇ ನಿಂತರೆ ಅನುಮಾನ. ನಮ್ಮ ಕಾರು ಸುಮ್ಮನೆ ನಿಂತು ಓಡುವಾಗ ಲಾಂಗ್ ಟರ್ಮ್ ಟ್ರಿಮ್ 24 ಇತ್ತು. ಆಕ್ಸಿಲರೇಟರ್ ಒತ್ತಿ 2,500 ಆರ್‌ಪಿಎಂಗೆ ತಂದರೆ ಆರಕ್ಕೆ ಇಳಿಯಿತು.

‘ಪಂಪ್ ವೀಕ್ ಆಗಿದ್ರೆ ರೇಸ್ ಕೊಟ್ಟಾಗ ಇನ್ನೂ ಏರಬೇಕಿತ್ತು, ಹೌದೋ ಅಲ್ವೋ? ಇದು ಎಲ್ಲೋ ಗಾಳಿ ಕದಿಯೋ ಕೇಸು’ ಅಂದರು ಅಣ್ಣ. ಯೋಚಿಸಿದರೆ ಸರಿಯೇ. ನಮ್ಮ ಕಾರಿನಲ್ಲಿ ಗಾಳಿಯ ಲೆಕ್ಕ ಬರೆಯುವ ಸೆನ್ಸರ್ ಏರ್ ಫಿಲ್ಟರ್ ಪಕ್ಕದಲ್ಲಿದೆ. ಅದನ್ನು ದಾಟಿದ ಮೇಲೆ ಎಲ್ಲಾದರೂ ತೂತಾಗಿದ್ದರೆ ಆ ಗಾಳಿ ಲೆಕ್ಕಕ್ಕೇ ಸಿಗುವುದಿಲ್ಲ. ಎಂಜಿನ್ ನಿಧಾನವಾಗಿ ಓಡುವಾಗ ಒಳಹೋಗುವ ಒಟ್ಟು ಗಾಳಿಯೇ ಕಡಿಮೆ, ಆದ್ದರಿಂದ ಈ ಕಳ್ಳ ಗಾಳಿಯ ಪಾಲು ದೊಡ್ಡದಾಗುತ್ತದೆ. ವೇಗ ಏರಿದರೆ ಆ ಪಾಲು ಸಣ್ಣದಾಗುತ್ತದೆ.

ಅಣ್ಣ ಒಂದು ಮೊಳ ಉದ್ದದ ರಬ್ಬರ್ ಟ್ಯೂಬ್ ತೆಗೆದು, ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದನ್ನು ಎಂಜಿನ್ ಹಿಂದೆ ಮುಂದೆ ಆಡಿಸಿದರು. ಒಂದು ಕಡೆ ನಿಲ್ಲಿಸಿ ನನ್ನ ಕಿವಿಗೆ ಕೊಟ್ಟರು. ‘ಸುಯ್’ ಎಂಬ ಸಣ್ಣ ಸದ್ದು. ಇಂಟೇಕ್ ಹಿಂಭಾಗದ ಒಂದು ರಬ್ಬರ್ ಪೈಪನ್ನು ಇಲಿ ಕಡಿದಿತ್ತು. ಅವರು ತೂತಿನ ಮೇಲೆ ಬೆರಳು ಒತ್ತಿದರು. ನಡುಕ ನಿಂತಿತು, ನನ್ನ ಮೊಬೈಲಿನಲ್ಲಿ ಶಾರ್ಟ್ ಟರ್ಮ್ ಟ್ರಿಮ್ ಸರಸರ ಇಳಿಯಿತು. ಬೆರಳು ತೆಗೆದರು, ಮತ್ತೆ ಏರಿತು. ಮೂರು ವರ್ಷದ ಕಾಲೇಜಿನಲ್ಲಿ ಅಷ್ಟು ಚೆನ್ನಾದ ಪಾಠ ನನಗೆ ಸಿಕ್ಕಿರಲಿಲ್ಲ. ಪೈಪಿಗೆ ನೂರ ಎಂಬತ್ತು ರೂಪಾಯಿ, ಕೂಲಿ ಇನ್ನೂರು.

ಇದನ್ನು ಬರೆಯುತ್ತಿರುವುದು ಮೂರು ಮಾತು ಹೇಳಲು.

ಮೊದಲನೆಯದು ಕಾರು ಇರುವ ಮನೆಯವರಿಗೆ. ಈ ಡಬ್ಬಿ ಕೊಳ್ಳಿ, ಆದರೆ ಅದು ಕೊಟ್ಟ ಕೋಡ್ ನೋಡಿ ಪಾರ್ಟ್ಸ್ ಅಂಗಡಿಗೆ ಓಡಬೇಡಿ. ಕೋಡ್ ಜೊತೆಗೆ ‘ಫ್ರೀಜ್ ಫ್ರೇಮ್’ ಎಂಬ ದಾಖಲೆ ಇರುತ್ತದೆ. ತೊಂದರೆ ಕಾಣಿಸಿದ ಕ್ಷಣದಲ್ಲಿ ವೇಗ, ಎಂಜಿನ್ ಬಿಸಿ ಎಷ್ಟಿತ್ತು ಎಂಬುದೆಲ್ಲ ಅದರಲ್ಲಿದೆ. ಕೋಡ್ ಅಳಿಸಿದರೆ ಅದೂ ಅಳಿಸಿಹೋಗುತ್ತದೆ, ಹಾಗಾಗಿ ಮೊದಲು ಫೋಟೊ ತೆಗೆದಿಟ್ಟುಕೊಳ್ಳಿ. ದೀಪ ಸುಮ್ಮನೆ ಉರಿಯುತ್ತಿದ್ದರೆ ನಿಧಾನವಾಗಿ ಮನೆ ಸೇರಬಹುದು. ಮಿಣುಕುತ್ತಿದ್ದರೆ ಮಾತ್ರ ಪಕ್ಕಕ್ಕೆ ಹಾಕಿ ನಿಲ್ಲಿಸಿ. ಪೆಟ್ರೋಲ್ ಸರಿಯಾಗಿ ಉರಿಯದೆ ಹೊರಗೆ ಹೋಗುತ್ತಿದೆ, ದುಬಾರಿ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಹೋಗುವ ಅಪಾಯವಿದೆ ಎಂದು ಅದರ ಅರ್ಥ. ಕೆಲಸ ಮುಗಿದ ಮೇಲೆ ಡಬ್ಬಿಯನ್ನು ಕಿತ್ತಿಡಿ, ದಿನಗಟ್ಟಲೆ ಬಿಟ್ಟರೆ ಬ್ಯಾಟರಿ ಕುಡಿಯುತ್ತದೆ. ಗಾಡಿ ಓಡಿಸುತ್ತಾ ಮೊಬೈಲ್ ನೋಡಬೇಡಿ, ಅಂಕಿ ಓದಲು ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಳ್ಳಿ.

ಎರಡನೆಯದು ಗ್ಯಾರೇಜಿನವರಿಗೆ. ಎಲ್ಲರೂ ಮೋಸ ಮಾಡುತ್ತಾರೆ ಎಂದು ನಾನು ಹೇಳುವುದಿಲ್ಲ. ಆ ಹುಡುಗನೂ ನನ್ನ ಹಾಗೇ ಆತುರಪಟ್ಟ, ಅಷ್ಟೇ. ಆದರೆ ಅವನ ಆತುರಕ್ಕೆ ದುಡ್ಡು ಕೊಟ್ಟವರು ನಮ್ಮಪ್ಪ. ಬಿಲ್ಲಿನಲ್ಲಿ ಪಾರ್ಟಿನ ಹೆಸರಿನ ಜೊತೆ ಬಂದ ಕೋಡ್ ಯಾವುದು, ಆ ಪಾರ್ಟೇ ಕೆಟ್ಟಿದೆ ಎಂದು ಹೇಗೆ ಗೊತ್ತಾಯಿತು ಎಂದು ಒಂದು ಸಾಲು ಬರೆದುಕೊಡಿ. ದಿನದ ದುಡಿಮೆ ಬಿಟ್ಟು ಬರುವ ಟ್ಯಾಕ್ಸಿಯವರಿಗೆ ಅಷ್ಟು ಕೇಳುವ ಹಕ್ಕಿದೆ.

ಮೂರನೆಯದು ನಮ್ಮ ಕಾಲೇಜುಗಳಿಗೆ. ನಮ್ಮ ಲ್ಯಾಬ್‌ನಲ್ಲಿ ಅರ್ಧಕ್ಕೆ ಕುಯ್ದು, ಕೆಂಪು ನೀಲಿ ಬಣ್ಣ ಬಳಿದ ಎಂಜಿನ್ ಒಂದಿದೆ. ಅದಕ್ಕೆ ಯಾವತ್ತೂ ಕಾಯಿಲೆ ಬರುವುದಿಲ್ಲ, ಹಾಗಾಗಿ ನಾವು ವೈದ್ಯರಾಗುವುದೂ ಇಲ್ಲ. ಸಾವಿರ ರೂಪಾಯಿಯ ಒಂದು ಡಬ್ಬಿ, ಪಾರ್ಕಿಂಗ್‌ನಲ್ಲಿ ನಿಂತಿರುವ ಯಾರಾದರೂ ಲೆಕ್ಚರರ ಕಾರು, ಸೆಮಿಸ್ಟರಿಗೆ ಎರಡು ಮಧ್ಯಾಹ್ನ, ಜೊತೆಗೆ ಒಬ್ಬ ಅನುಭವಿ ಮೆಕ್ಯಾನಿಕ್‌ಗೆ ಗೌರವಧನ. ಇಷ್ಟು ಸಾಕು. ಪೈಪ್ ಒಂದನ್ನು ಬೇಕೆಂದೇ ಸಡಿಲಿಸಿ ‘ಹುಡುಕಿ’ ಅನ್ನಿ, ನಾವು ಊಟ ಬಿಟ್ಟು ಹುಡುಕುತ್ತೇವೆ.

ಈಗ ಡಬ್ಬಿ ಅಪ್ಪನ ಕಾರಿನ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿದೆ. ಸ್ಟ್ಯಾಂಡಿನ ಬೇರೆ ಡ್ರೈವರ್‌ಗಳೂ ಇಸಿದುಕೊಂಡು ನೋಡುತ್ತಾರಂತೆ, ನಂಬರ್ ಬಂದರೆ ನನಗೆ ಫೋನ್ ಮಾಡುತ್ತಾರೆ. ನಾನು ಪಾರ್ಟಿನ ಹೆಸರು ಹೇಳುವುದನ್ನು ಬಿಟ್ಟಿದ್ದೇನೆ. ‘ಸ್ಲೋನಲ್ಲಿ ಎಷ್ಟು, ರೇಸ್ ಕೊಟ್ರೆ ಎಷ್ಟು?’ ಎಂದು ಕೇಳುತ್ತೇನೆ. ಆಮೇಲೂ ತಿಳಿಯದಿದ್ದರೆ ಭಾನುವಾರ ಅಣ್ಣನ ಶೆಡ್ಡಿಗೆ ಬರಹೇಳುತ್ತೇನೆ. ಆ ದಿನ ನಾನೂ ಅಲ್ಲೇ ಇರುತ್ತೇನೆ.