ಕೊಯ್ಲು ಅಕ್ಟೋಬರಿನಲ್ಲಿ, ಖರೀದಿ ಜನವರಿಯಲ್ಲಿ

'ಕೊಟ್ಟಾರ' ಎಂಬ ಪದಕ್ಕೆ ಕನ್ನಡದಲ್ಲಿ ಕಣಜ, ಉಗ್ರಾಣ ಎಂಬ ಅರ್ಥವಿದೆ. ಆ ಹೆಸರು ಹೊತ್ತ ಮಂಗಳೂರಿನ ಕೊಟ್ಟಾರದಲ್ಲಿ ಇಂದು ದಕ್ಷಿಣ ಕನ್ನಡ ಜಿಲ್ಲಾ ಪಂಚಾಯತ್ ಕಚೇರಿಯಿದೆ. ಸುಳ್ಯ, ಬೆಳ್ತಂಗಡಿಯ ಘಟ್ಟದ ತಪ್ಪಲಿನ ಗ್ರಾಮಗಳ ಕೃಷಿಯ ಲೆಕ್ಕ ಪರಿಶೀಲನೆಗೆ ಬರುವುದು ಇಲ್ಲಿಗೇ. ಭತ್ತದ ಮಟ್ಟಿಗೆ ಆ ಲೆಕ್ಕ ಹೇಳುವುದು ಒಂದೇ ಸಂಗತಿಯನ್ನು: ಗದ್ದೆ ಕುಗ್ಗುತ್ತಿದೆ. ಈಚಿನ ವರ್ಷಗಳಲ್ಲಿ ಇಡೀ ಜಿಲ್ಲೆಯ ಮುಂಗಾರು ಭತ್ತಕ್ಕೆ ಇಟ್ಟುಕೊಂಡ ಗುರಿಯೇ ಹತ್ತು ಸಾವಿರ ಹೆಕ್ಟೇರಿನ ಆಸುಪಾಸಿನದು. ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ ಕಂಡಿದ್ದ ಬೈಲುಗಳಲ್ಲಿ ಹೆಚ್ಚಿನೆಡೆ ಏಣೆಲೊಂದೇ ಉಳಿದಿದೆ. ಕೆಲವೆಡೆ ಅದೂ ಇಲ್ಲ.

ಕೂಲಿಯಾಳುಗಳ ಕೊರತೆ, ಹಂದಿ-ನವಿಲುಗಳ ಹಾವಳಿ ಎಂದು ಇದಕ್ಕೆ ಕಾರಣ ಕೊಡಲಾಗುತ್ತದೆ. ಅವು ಸುಳ್ಳಲ್ಲ. ಆದರೆ ಧಾನ್ಯದ ಬೆಲೆಯ ವ್ಯವಸ್ಥೆಯೇ ನಮ್ಮ ನೆಲದ ಕಾಲಮಾನಕ್ಕೆ ಹೊಂದದೆ ಇರುವುದನ್ನು ಯಾರೂ ಮುಖ್ಯ ಕಾರಣವೆಂದು ಪರಿಗಣಿಸುವುದಿಲ್ಲ.

2025-26ರ ಮುಂಗಾರು ಹಂಗಾಮಿಗೆ ಕೇಂದ್ರ ಸರ್ಕಾರ ಸಾಮಾನ್ಯ ಭತ್ತಕ್ಕೆ ಕ್ವಿಂಟಾಲಿಗೆ 2,369 ರೂ. ಬೆಂಬಲ ಬೆಲೆ ನಿಗದಿಪಡಿಸಿತು. ಉತ್ಪಾದನಾ ವೆಚ್ಚ 1,579 ರೂ. ಎಂದು ಹಿಡಿದು, ಅದರ ಅರ್ಧದಷ್ಟನ್ನು ಕೂಡಿಸಿದಾಗ ಬಂದ ಮೊತ್ತವಿದು. ಆ ವೆಚ್ಚವಾದರೋ ಇಡೀ ದೇಶದ ಸರಾಸರಿ. ಪಂಜಾಬಿನ ಸಮತಟ್ಟು ನೆಲದಲ್ಲಿ ಯಂತ್ರ ಕೊಯ್ಯುವ ಬೆಳೆಯನ್ನೂ, ಯಂತ್ರ ಇಳಿಯಲು ದಾರಿಯೇ ಇಲ್ಲದ ನಮ್ಮ ಮಜಲು ಗದ್ದೆಯ ಬೆಳೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗಿದೆ.

ಈ ಬೆಲೆಯಾದರೂ ಕೈಗೆ ಸಿಗುತ್ತದೆಯೇ? ಕರಾವಳಿಯ ಏಣೆಲು ಬೆಳೆ ಕೊಯ್ಲಿಗೆ ಬರುವುದು ಅಕ್ಟೋಬರಿನಲ್ಲಿ. ಖರೀದಿ ಕೇಂದ್ರಗಳು ಭತ್ತ ಕೊಳ್ಳಲು ಆರಂಭಿಸುವುದು ಸಾಮಾನ್ಯವಾಗಿ ಡಿಸೆಂಬರ್ ಅಥವಾ ಜನವರಿಯಲ್ಲಿ. ತೇವಾಂಶ ಶೇ. 17ನ್ನು ಮೀರಬಾರದೆಂಬ ನಿಯಮ ಬೇರೆ. ಅಕ್ಟೋಬರಿನ ಸಂಜೆಯ ಗುಡುಗುಮಳೆಯಲ್ಲಿ ಅಂಗಳವೇ ಒಣಗದಿರುವಾಗ ಭತ್ತ ಒಣಗಿಸುವುದೆಲ್ಲಿ, ಮೂರು ತಿಂಗಳು ಕಾಪಿಡುವುದೆಲ್ಲಿ? ಸಾಲದ ಕಂತು, ಆಳುಗಳ ಸಂಬಳ ಅಲ್ಲಿಯತನಕ ಕಾಯುವುದಿಲ್ಲ. ಸಣ್ಣ ರೈತ ಅಕ್ಕಿಗಿರಣಿಯವರು ಹೇಳಿದ ದರಕ್ಕೆ ಭತ್ತ ಕೊಟ್ಟು ಕೈತೊಳೆದುಕೊಳ್ಳುತ್ತಾನೆ. ಆ ಬಳಿಕ ತೆರೆಯುವ ಕೇಂದ್ರಕ್ಕೆ ಭತ್ತ ಬಾರದಿದ್ದರೆ ಅದನ್ನು ರೈತರ ನಿರಾಸಕ್ತಿ ಎನ್ನುವುದು ನ್ಯಾಯವಲ್ಲ.

ಕುಚ್ಚಲಕ್ಕಿಯ ಭತ್ತಕ್ಕೆ ಕೆಲವು ವರ್ಷ ಮಾರುಕಟ್ಟೆಯಲ್ಲಿ ಬೆಂಬಲ ಬೆಲೆಗಿಂತ ಹೆಚ್ಚು ದರ ಸಿಗುವುದುಂಟು ಎಂದು ಕೆಲವರು ವಾದಿಸಬಹುದು. ನಿಜ. ಆದರೆ ಬೆಂಬಲ ಬೆಲೆ ಬೇಕಿರುವುದು ದರ ಬೀಳುವ ವರ್ಷಕ್ಕೆ. ಅಡಿಕೆಯನ್ನು ನೋಡೋಣ. 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಸ್ಥಾಪನೆಯಾದ ಮೇಲೆ ಬೆಳೆಗಾರ ಅಂದಿನ ದರವನ್ನು ತಿಳಿದು, ತನಗೆ ಬೇಕಾದಾಗ ಮಾರುವ ದಾರಿ ತೆರೆಯಿತು. ಭತ್ತಕ್ಕೆ ಅಂತಹ ಬಾಗಿಲಿಲ್ಲ. ಬೈಲುಗಳು ತೋಟಗಳಾದುದಕ್ಕೆ ರೈತನ ದುರಾಸೆಯೇ ಕಾರಣವೆನ್ನುವವರು ಈ ವ್ಯತ್ಯಾಸವನ್ನು ಗಮನಿಸಬೇಕು.

1974ರ ಭೂಸುಧಾರಣಾ ತಿದ್ದುಪಡಿಗೆ ಮುನ್ನ ಗೇಣಿಯ ಅಕ್ಕಿ ಮುಡಿಮುಡಿಯಾಗಿ ಒಡೆಯರ ಕಣಜ ಸೇರುತ್ತಿತ್ತು. ಬಳಿಕ ಗದ್ದೆ ಉಳುವವನದಾಯಿತು. ಬೆಳೆಯ ಬೆಲೆ ಮಾತ್ರ ಇನ್ನೂ ಅವನದಾಗಿಲ್ಲ. 2023ರಲ್ಲಿ ಅನ್ನಭಾಗ್ಯದ ಹೆಚ್ಚುವರಿ ಅಕ್ಕಿ ದೊರೆಯದೆ ರಾಜ್ಯ ಸರ್ಕಾರ ಕಿಲೋಗೆ 34 ರೂ.ನಂತೆ ನಗದು ಹಂಚಿತು. ಅಕ್ಕಿಗಾಗಿ ನಾಡು ಪರದಾಡುತ್ತಿದ್ದ ಅದೇ ವರ್ಷ ನಮ್ಮ ಎಷ್ಟೋ ಗದ್ದೆಗಳು ಹಡಿಲು ಬಿದ್ದಿದ್ದವು.

ಗದ್ದೆ ಕೊಡುವುದು ಅಕ್ಕಿಯನ್ನಷ್ಟೇ ಅಲ್ಲ. ಬದು ಕಟ್ಟಿದ ಗದ್ದೆ ಮಳೆನೀರನ್ನು ತಡೆದು ನಿಲ್ಲಿಸಿ ಬಾವಿಗೆ, ತೋಡಿಗೆ ಮೆಲ್ಲನೆ ಬಿಟ್ಟುಕೊಡುತ್ತದೆ. 2018ರ ಮೇ 29ರ ಮಳೆಗೆ ಕೊಟ್ಟಾರ ಚೌಕಿ ಜಲಾವೃತವಾದುದು ನೀರಿಗೆ ನಿಲ್ಲಲು ನೆಲ, ಹರಿಯಲು ತೋಡು ಉಳಿಸದ ನಗರಕ್ಕೆ ದೊರೆತ ಎಚ್ಚರಿಕೆ. ಈ ಜಲಸೇವೆಗೆ ರೈತನಿಗೆ ಯಾರು ಏನು ಕೊಟ್ಟಿದ್ದಾರೆ? ನೆರೆಯ ಕೇರಳ 2020ರಲ್ಲಿ, ಗದ್ದೆಯನ್ನು ಗದ್ದೆಯಾಗಿಯೇ ಉಳಿಸಿಕೊಂಡವರಿಗೆ ಹೆಕ್ಟೇರಿಗೆ 2,000 ರೂ. ಗೌರವಧನ ಕೊಡಲಾರಂಭಿಸಿ, ಬಳಿಕ ಅದನ್ನು 3,000ಕ್ಕೆ ಏರಿಸಿತು. 2025ರಲ್ಲಿ ಭತ್ತದ ಖರೀದಿ ದರವನ್ನು ಕಿಲೋಗೆ 30 ರೂ. ಮಾಡಿತು. ಅಲ್ಲಿ ಹಣ ಪಾವತಿ ತಡವಾಗುತ್ತದೆಂಬ ದೂರುಗಳಿವೆ. ಆ ದೋಷ ಬಿಟ್ಟು ಗುಣವನ್ನು ನಾವು ಪಡೆಯಬಹುದು.

ಬೀಜಕ್ಕೂ ನಮ್ಮಲ್ಲಿ ಬಡತನವಿಲ್ಲ. ಕಾಸರಗೋಡಿನ ಸತ್ಯನಾರಾಯಣ ಬೇಳೇರಿಯವರು ರಾಜಕಯಮೆ ಸೇರಿದಂತೆ ನೂರಾರು ತಳಿಗಳನ್ನು ಕಾಪಾಡಿದರು. 2024ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಬೀಜ ಕಾದವರಿಗೆ ಗೌರವ ಸಂದ ನಾಡಿನಲ್ಲಿ ಆ ಬೀಜ ಬಿತ್ತುವವರಿಗೆ ತಕ್ಕ ಬೆಲೆಯೂ ಸಲ್ಲಬೇಡವೇ?

ನಮ್ಮ ಬೇಡಿಕೆಗಳು ಸರಳ. ಕರಾವಳಿ ಮತ್ತು ತಪ್ಪಲಿನ ಗ್ರಾಮಗಳ ಖರೀದಿ ಕೇಂದ್ರಗಳು ಅಕ್ಟೋಬರಿನಲ್ಲಿಯೇ ತೆರೆಯಲಿ. ಸಹಕಾರಿ ಸಂಘಗಳಲ್ಲಿ ಭತ್ತ ಒಣಗಿಸುವ ವ್ಯವಸ್ಥೆಯಿರಲಿ. ಇಲ್ಲಿ ಕೊಂಡ ಕೆಂಪು ಭತ್ತ ಕುಚ್ಚಲಕ್ಕಿಯಾಗಿ ಇಲ್ಲಿನ ಪಡಿತರ ಅಂಗಡಿಗೇ ಬರಲಿ. ಗದ್ದೆ ಉಳಿಸಿದವರಿಗೆ ಗೌರವಧನ ಸಲ್ಲಲಿ. ಮುಂದಿನ ಗ್ರಾಮಸಭೆಗಳಲ್ಲಿ ಈ ನಿರ್ಣಯಗಳು ಅಂಗೀಕಾರಗೊಂಡು ಕೊಟ್ಟಾರಕ್ಕೂ ಬೆಂಗಳೂರಿಗೂ ತಲುಪಬೇಕು. ವಿದ್ಯಾರ್ಥಿ ಮಿತ್ರರು ತಮ್ಮ ಬೈಲಿನ ಮನೆಮನೆಗೆ ಹೋಗಿ ಕೊಯ್ಲಿನ ದಿನ, ಮಾರಿದ ದಿನ, ಸಿಕ್ಕಿದ ದರ ಈ ಮೂರನ್ನು ಬರೆದು ತರಲಿ. ನಿರ್ಣಯದ ಜೊತೆಗೆ ಆ ಪಟ್ಟಿಯೂ ಇದ್ದರೆ ರೈತರಲ್ಲಿ ಆಸಕ್ತಿಯಿಲ್ಲವೆಂದು ಹೇಳುವುದು ಯಾರಿಗೂ ಸುಲಭವಾಗದು.